ಮೊಪೆಡ್ಡಿನ ವೇಗ ಹೆಚ್ಚಿಸುವ ಮುನ್ನ



ಸಂಪಗಾಂವದ ಒಂದು ಮನೆಗೆ ಹೋದಾಗ ಅಂಗಳದ ತುಂಬ ಹಳೆಯ ಟಿವಿಎಸ್ ಮೊಪೆಡ್ಡಿನ ಭಾಗಗಳು ಹರಡಿಕೊಂಡಿದ್ದವು. "ನೋಡ್ರಿ ಫಾದರ್, ಗಾಡಿ ನಲವತ್ತರ ಮ್ಯಾಲ ಹೋಗೂದಿಲ್ಲಂತ, ಇವಂಗ ಅರವತ್ತು ಬೇಕಂತ" ಎಂದು ತಾಯಿ ದೂರಿದರು. ತಂದೆ ಆಗಲೇ ಸಿಟ್ಟಿನಿಂದ ಸ್ಪ್ಯಾನರ್ ಎಸೆದು ಹೊಲಕ್ಕೆ ಹೋಗಿದ್ದರು. ಮಗನಿಗೆ 18 ತುಂಬಿದೆ, ಲೈಸೆನ್ಸ್ ಇದೆ. ಬೆಳಿಗ್ಗೆ ಹಾಲಿನ ಕ್ಯಾನು ಮುಟ್ಟಿಸಿ, ಆಮೇಲೆ ತಂಗಿಯನ್ನು ಹಿಂದೆ ಕೂಡಿಸಿಕೊಂಡು ಬೈಲಹೊಂಗಲದ ಕಾಲೇಜಿಗೆ ಹೋಗುತ್ತಾನೆ. "ನಮ್ಮ ಗಾಡಿ, ನಾನ ರಿಪೇರಿ ಮಾಡ್ತೀನ್ರಿ. ಇದರಾಗ ತಪ್ಪೇನೈತ್ರಿ ಫಾದರ್?" ಎಂದು ಅವನು ಕೇಳಿದ.

ಪ್ರಶ್ನೆ ಪ್ರಾಮಾಣಿಕವಾದುದು. ಸ್ಪ್ಯಾನರ್ ಎಸೆಯುವುದು ಅದಕ್ಕೆ ಉತ್ತರವಲ್ಲ. ಯಂತ್ರವನ್ನು ಬಿಚ್ಚಿ ನೋಡಬೇಕೆಂಬ ಕುತೂಹಲವೂ ದೇವರು ಕೊಟ್ಟ ಬುದ್ಧಿಯಿಂದಲೇ ಬರುತ್ತದೆ. ಆದ್ದರಿಂದ ಮೊದಲು ಅವನ ಜೊತೆ ನೆಲದ ಮೇಲೆ ಕುಳಿತು, ಏನೇನು ಮಾಡಬೇಕೆಂದಿರುವೆ ಎಂದು ಕೇಳಿದೆ.

ಅವನ ಪಟ್ಟಿ ಎಲ್ಲ ಹುಡುಗರ ಪಟ್ಟಿಯಂತೆಯೇ ಇತ್ತು. ಸೈಲೆನ್ಸರಿನ ಒಳಗಿನ ಜಾಲರಿ ತೆಗೆಯುವುದು, ಸಿಲಿಂಡರಿನಲ್ಲಿ ಸುಟ್ಟ ಹೊಗೆ ಹೊರಹೋಗುವ ಕಿಂಡಿಯನ್ನು ಅರದಿಂದ ಉಜ್ಜಿ ಎತ್ತರಿಸುವುದು, ಕಾರ್ಬ್ಯುರೇಟರಿನ ಜೆಟ್ ಬದಲಿಸುವುದು. ಮೊದಲನೆಯದನ್ನು ನಾನೂ ಹುಡುಗನಾಗಿದ್ದಾಗ ಮಾಡಿಸಿದ್ದೇನೆ. ಸದ್ದು ಇಮ್ಮಡಿಯಾಯಿತು, ವೇಗ ಇದ್ದಲ್ಲಿಯೇ ಇತ್ತು. ಆದರೂ ಒಂದು ವಾರ ಗಾಡಿ ಹಾರುತ್ತಿದೆ ಎಂದೇ ನಂಬಿದ್ದೆ. ಕಿವಿ ನಮ್ಮನ್ನು ಸುಲಭವಾಗಿ ಮೋಸಗೊಳಿಸುತ್ತದೆ.

ಕಿಂಡಿ ಎತ್ತರಿಸಿದರೆ ವೇಗ ಸ್ವಲ್ಪ ಹೆಚ್ಚುವುದು ನಿಜ. ಆದರೆ ಆ ಶಕ್ತಿ ಎಂಜಿನ್ ಬಹಳ ಜೋರಾಗಿ ತಿರುಗುವಾಗ ಮಾತ್ರ ಸಿಗುತ್ತದೆ, ನಿಧಾನವಾಗಿ ತಿರುಗುವಾಗ ಇದ್ದ ಎಳೆತ ಕಡಿಮೆಯಾಗುತ್ತದೆ. 1972ರಲ್ಲಿ ಬಂದ ಲೂನಾ, 1980ರಲ್ಲಿ ಬಂದ ಟಿವಿಎಸ್ 50, ಎರಡೂ 50 ಸಿಸಿಯ ಪುಟ್ಟ ಎಂಜಿನ್‌ಗಳೇ. ನಮ್ಮ ಕಡೆ ಇಂಥ ಮೊಪೆಡ್ಡು ಹಾಲಿನ ಕ್ಯಾನು, ಮೇವಿನ ಹೊರೆ, ಗೊಬ್ಬರದ ಚೀಲಗಳನ್ನು ಹೊತ್ತು ಏರು ಹತ್ತಿದ್ದು ಆ ಎಳೆತದಿಂದಲೇ. ಅರ ಹಿಡಿದವನು ಆ ಗುಣವನ್ನೇ ಉಜ್ಜಿ ಹಾಕುತ್ತಾನೆ. ಜೆಟ್ಟಿನ ಲೆಕ್ಕ ತಪ್ಪಿ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚಾದರೆ ಎಂಜಿನ್ ಮಿತಿಮೀರಿ ಕಾಯುತ್ತದೆ, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಎರಡು ಸ್ಟ್ರೋಕಿನ ಗಾಡಿಯಲ್ಲಿ ಆಯಿಲ್ ಪೆಟ್ರೋಲಿನ ಜೊತೆಗೇ ಬರುವುದರಿಂದ ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ.

ಗೇರ್ ಇಲ್ಲದ ಸ್ಕೂಟರುಗಳಲ್ಲಿ ಬೇರೆ ಉಪಾಯ. ಅಲ್ಲಿ ಎರಡು ಪುಲ್ಲಿಗಳ ನಡುವೆ ಬೆಲ್ಟ್ ಓಡುತ್ತದೆ. ಮುಂದಿನ ಪುಲ್ಲಿಯೊಳಗಿನ ಪುಟ್ಟ ರೋಲರುಗಳು ತಿರುಗುವ ರಭಸಕ್ಕೆ ಹೊರಗೆ ಸರಿದು ಬೆಲ್ಟನ್ನು ಮೇಲಕ್ಕೆ ತಳ್ಳುತ್ತವೆ. ಹಗುರ ರೋಲರ್ ಹಾಕಿದರೆ ಪಿಕಪ್ ಹೆಚ್ಚುತ್ತದೆ, ಗರಿಷ್ಠ ವೇಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಪೆಟ್ರೋಲ್ ಮಾತ್ರ ಜಾಸ್ತಿ ಕುಡಿಯುತ್ತದೆ.

ಇಷ್ಟಾದ ಮೇಲೆ ನಾನು ಅವನನ್ನು ಕೇಳಿದೆ: "ಅರವತ್ತು ಬಂತು ಅಂತ ಇಟ್ಕೋ. ನಿಲ್ಲಿಸೋದಕ್ಕೇನು ಮಾಡೀಯಪ್ಪಾ?" ಅವನ ಪಟ್ಟಿಯಲ್ಲಿ ಬ್ರೇಕ್ ಇರಲೇ ಇಲ್ಲ.

ರೈತನ ಮಗನಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಖಿಲಾರಿ ಎತ್ತು ತಂದು ಹಳೆಯ ಚಕ್ಕಡಿಗೆ ಹೂಡಿದರೆ ಕಡೆಗೀಲು ಬಲವಾಗುವುದಿಲ್ಲ. ಗಾಡಿಯೆಂದರೆ ಎಂಜಿನ್ ಒಂದೇ ಅಲ್ಲ. ಬ್ರೇಕು, ಟೈರು, ಚಾಸಿ, ಲೈಟು ಎಲ್ಲವನ್ನೂ ಒಂದು ಅಳತೆಗೆ ಹೊಂದಿಸಿರುತ್ತಾರೆ. ವೇಗ ಒಂದೂವರೆ ಪಟ್ಟಾದರೆ ಅದರ ರಭಸ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ನಲವತ್ತರಲ್ಲಿ ಬ್ರೇಕ್ ಒತ್ತಿದ ಮೇಲೆ 12 ಮೀಟರಿನಲ್ಲಿ ನಿಲ್ಲುವ ಗಾಡಿ ಅರವತ್ತರಲ್ಲಿ ಅದೇ ಬ್ರೇಕಿಗೆ 27 ಮೀಟರ್ ತೆಗೆದುಕೊಳ್ಳುತ್ತದೆ. ಎದುರಿನದನ್ನು ಕಂಡು ಕೈ ಬ್ರೇಕಿಗೆ ಹೋಗಲು ಬೇಕಾಗುವ ಒಂದು ಸೆಕೆಂಡನ್ನೂ ಸೇರಿಸಿ: ನಲವತ್ತರಲ್ಲಿ ಒಟ್ಟು 23 ಮೀಟರ್, ಅರವತ್ತರಲ್ಲಿ 44. ಕಬ್ಬು ಕಡಿಯುವ ಕಾಲದಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಹೋಗುವ ಟ್ರ್ಯಾಕ್ಟರುಗಳನ್ನು ನೀವು ಬಲ್ಲಿರಿ. ಸವದತ್ತಿಯ ಜಾತ್ರೆಗೆ ಹೊರಟ ಚಕ್ಕಡಿಗಳನ್ನೂ ಬಲ್ಲಿರಿ. ಮೊಪೆಡ್ಡಿನ ದೀಪದ ಮಂದ ಬೆಳಕಿನಲ್ಲಿ 44 ಮೀಟರ್ ಮುಂದಿನದು ಕಾಣುತ್ತದೆಯೇ?

ಸೆಮಿನರಿಯಲ್ಲಿ ನಮಗೆ ಸಂತ ತೋಮಾಸ್ ಅಕ್ವಿನಾಸರ ವಿವೇಕದ ಪಾಠ ಇತ್ತು. ವಿವೇಕವೆಂದರೆ ಅಂಜುಬುರುಕತನ ಎಂದು ಬಹಳ ಜನ ತಿಳಿದಿದ್ದಾರೆ (ಕೆಲವು ಪ್ರಬೋಧನೆಗಳೂ ಹಾಗೆಯೇ ಕೇಳಿಸುತ್ತವೆ, ನನ್ನವೂ ಸೇರಿ). ಅದು ಹಾಗಲ್ಲ. ಮಾಡಹೊರಟ ಕೆಲಸದ ಎಲ್ಲ ಭಾಗಗಳನ್ನೂ ಒಟ್ಟಿಗೆ ಕಾಣುವ ಬುದ್ಧಿಯೇ ವಿವೇಕ. ವೇಗದ ಮೋಹದಿಂದ ರಸ್ತೆಯಲ್ಲಿ ತನ್ನ ಮತ್ತು ಪರರ ಪ್ರಾಣಕ್ಕೆ ಅಪಾಯ ತರುವುದು ಗಂಭೀರ ಅಪರಾಧವೆಂದು 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ 2290ನೆಯ ಪರಿಚ್ಛೇದದಲ್ಲಿ ಹೇಳುತ್ತದೆ. ಕುಡಿದು ಓಡಿಸುವುದನ್ನೂ ಇದನ್ನೂ ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ ಎಂಬುದನ್ನು ಗಮನಿಸಿ. ಇಲ್ಲಿ 'ಪರರು' ಯಾರು? ಹಿಂದಿನ ಸೀಟಿನಲ್ಲಿ ಪುಸ್ತಕ ಹಿಡಿದು ಕೂಡುವ ತಂಗಿ. ವೇಗ ಬೇಕೆಂದು ಅವಳು ಕೇಳಿಲ್ಲ, ಬೇಡವೆನ್ನಲು ಅವಳಿಗೆ ಯಾರೂ ಅವಕಾಶ ಕೊಟ್ಟಿಲ್ಲ.

ಕಾನೂನನ್ನೂ ತಿಳಿದಿರಿ. ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಡೆಯುತ್ತದೆ. 2019ರ ತಿದ್ದುಪಡಿಯ ಮೇಲೆ ಇದಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ. 16 ವರ್ಷದವರಿಗೆ 50 ಸಿಸಿವರೆಗಿನ ಗಾಡಿಗೆ ಮಾತ್ರ ಲೈಸೆನ್ಸ್ ಸಿಗುತ್ತದೆ. 2015ರಲ್ಲಿ ಬಂದ ಎಕ್ಸ್‌ಎಲ್ 100 ಅದರಲ್ಲಿ ಸೇರುವುದಿಲ್ಲ. ಅಪ್ರಾಪ್ತ ಮಕ್ಕಳು ಅಪರಾಧವೆಸಗಿದರೆ ಪಾಲಕರಿಗೇ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಬ್ಯಾಟರಿ ಸ್ಕೂಟರಿನದು ಇನ್ನೊಂದು ಕಥೆ. ಮೋಟಾರು 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ. ಮೀರದು ಎಂಬ ಕಾರಣಕ್ಕೇ ಕೆಲವಕ್ಕೆ ನೋಂದಣಿ, ಲೈಸೆನ್ಸ್ ಬೇಡ. ಒಳಗಿನ ಒಂದು ವೈರು ಕಿತ್ತು ವೇಗದ ಮಿತಿ ತೆಗೆದರೆ ಅದು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನವಾಯಿತು. ಯಾರಿಗಾದರೂ ಬಡಿದರೆ ಪರಿಹಾರ ಹೊಲ ಮಾರಿಯೇ ಕೊಡಬೇಕಾದೀತು.

ಹಾಗಾದರೆ ಹುಡುಗನ ಗಾಡಿ ನಿಧಾನವಾಗಿದ್ದೇಕೆ? ಸೈಲೆನ್ಸರ್ ಬಿಚ್ಚಿ ನೋಡಿದಾಗ ಗೊತ್ತಾಯಿತು. ವರ್ಷಗಟ್ಟಲೆ ಸುಟ್ಟ ಆಯಿಲ್ ಮಸಿಯಾಗಿ ಹೊಗೆಯ ಕಿಂಡಿಯನ್ನು ಅರ್ಧ ಮುಚ್ಚಿತ್ತು. ಏರ್ ಫಿಲ್ಟರ್ ಕೆಸರು ಗಟ್ಟಿದಂತಿತ್ತು. ಟೈರಿನಲ್ಲಿ ಗಾಳಿ ಕಡಿಮೆ, ಹಿಂದಿನ ಬ್ರೇಕ್ ಒಂದೇ ಸಮನೆ ಹಿಡಿದುಕೊಂಡಿತ್ತು. ಮಸಿ ಕೆರೆದು, ಫಿಲ್ಟರ್ ತೊಳೆದು, ಬ್ರೇಕ್ ಶೂ ಬದಲಿಸಿದರೆ ಗಾಡಿ ಹೊಸದರಲ್ಲಿ ಓಡುತ್ತಿದ್ದ ವೇಗ ಮರಳಿ ಬರುತ್ತದೆ. ಅದಕ್ಕೆ ಯಾರ ತಡೆಯೂ ಇಲ್ಲ. ಕಳೆದುಹೋದ ವೇಗವನ್ನು ಮರಳಿ ಪಡೆಯುವುದು ಬೇರೆ, ಇಲ್ಲದ ವೇಗವನ್ನು ಹೇರುವುದು ಬೇರೆ.

ಮುಂದಿನ ಭಾನುವಾರ ಪೂಜೆಯ ಮೇಲೆ ತಂದೆ-ಮಗ ಇಬ್ಬರೂ ಖಾಲಿ ಬಯಲಿಗೆ ಹೋದರು. ಸುಣ್ಣದಿಂದ ಒಂದು ಗೆರೆ ಎಳೆದು, ಮಗ ಹೆಲ್ಮೆಟ್ ಹಾಕಿಕೊಂಡು ಇಪ್ಪತ್ತರ ವೇಗದಲ್ಲಿ ಬಂದು ಗೆರೆಯ ಮೇಲೆ ಬ್ರೇಕ್ ಒತ್ತಿದ. ತಂದೆ ಹೆಜ್ಜೆ ಹಾಕಿ ಅಳೆದರು, ನಾಲ್ಕು ಹೆಜ್ಜೆ. ನಲವತ್ತರಲ್ಲಿ ಬಂದಾಗ ಹದಿನಾರಾಯಿತು. ಅರವತ್ತಕ್ಕೆ ಎಷ್ಟಾಗಬಹುದೆಂದು ಹುಡುಗನೇ ನೆಲದ ಮೇಲೆ ಲೆಕ್ಕ ಬರೆದು, ಮೂವತ್ತಾರನೆಯ ಹೆಜ್ಜೆಯಲ್ಲಿ ಒಂದು ಕಲ್ಲಿಟ್ಟು ಬಂದ. ಬರುವಾಗ ಸ್ಪ್ಯಾನರ್ ತಂದೆಯ ಕೈಯಲ್ಲಿತ್ತು.