ಕಿವಿಗೆ ಯಂತ್ರ, ಮನಸ್ಸಿಗೆ ಧೈರ್ಯ

ದಂಪತಿಗಳೇ, ಹುಟ್ಟು ಕಿವುಡಾದ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸಿದೊಡನೆ ಮಾತು ಬರುವುದಿಲ್ಲ. ಗಾಯ ಮಾಗಿ ಕೆಲವು ವಾರಗಳಾದ ಮೇಲೆ ಯಂತ್ರವನ್ನು ಚಾಲೂ ಮಾಡುತ್ತಾರೆ. ಅಂದು ಮಗು ಬೆದರಿ ಅಳಬಹುದು, ಗಾಬರಿಯಾಗಬೇಡಿರಿ. ಕೇಳಿಸಿದ ಶಬ್ದದ ಅರ್ಥವನ್ನು ಅದು ಹಸುಗೂಸಿನಂತೆ ಮೊದಲಿನಿಂದ ಕಲಿಯಬೇಕು. ಇದಕ್ಕೆ ವರ್ಷಗಳೇ ಹಿಡಿಯಬಹುದು.

ಗ್ರಹಣಕಾಲದಲ್ಲಿ ಗರ್ಭಿಣಿ ಹೊರಬಂದುದರಿಂದ ಮಗು ಕಿವುಡಾಯಿತೆಂಬುದು ಮೂಢನಂಬಿಕೆ. ತಾಯಿಯನ್ನು ದೂಷಿಸಬೇಡಿರಿ. ನೊಂದ ತಾಯಿ ಮೌನ ತಾಳಿದರೆ ಮಗು ಯಾರ ಮಾತನ್ನು ಕೇಳಿ ಕಲಿತೀತು? ತಂದೆಯೂ ತರಬೇತಿಗೆ ಬರಲಿ. ಗಂಜಿ ಉಣಿಸುವಾಗ, ಹೂ ಕಟ್ಟುವಾಗ, ಅಡಿಕೆ ಹೆಕ್ಕುವಾಗ ಇಬ್ಬರೂ ಮಗುವಿನೊಡನೆ ಮಾತನಾಡುತ್ತಿರಿ.

ಮನಸ್ಸು ಕುಗ್ಗಿದಾಗ ಸಂಕೋಚಪಡದೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ವೈದ್ಯರಲ್ಲಿ ಹೇಳಿಕೊಳ್ಳಿರಿ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪೋಷಕರಿಗೂ ಸಲಹೆ ದೊರೆಯುತ್ತದೆ. ದಂಪತಿಗಳ ಒಮ್ಮನವೇ ಮಗುವಿನ ಮಾತಿಗೆ ಬುನಾದಿ.