ಧ್ರುವ ಅಲ್ಲಿ ಒಂದೂವರೆ ಮುಷ್ಟಿ, ಇಲ್ಲಿ ಎರಡೂವರೆ

ಬಹ್ರೇನ್‌ನ ಹಿದ್‌ನಲ್ಲಿರುವ ಕೆಲವು ಕನ್ನಡ ಮನೆಗಳವರು ಒಟ್ಟು ಸೇರಿಸಿ ಕಳಿಸಿದ ಪ್ರಶ್ನೆಗಳಿಗೇ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ನಮ್ಮೂರು ಕುಂದಾಪುರ. ಅಜ್ಜ ಧ್ರುವ ನಕ್ಷತ್ರ ತೋರಿಸುವಾಗ ಅದು ತೆಂಗಿನ ತೋಟದ ತಲೆಗೆ ತಾಗಿಕೊಂಡ ಹಾಗೆ ಕೆಳಗಿರುತ್ತಿತ್ತು. ಇಲ್ಲಿ ತಾರಸಿ ಹತ್ತಿ ನೋಡಿದರೆ ಎಷ್ಟೋ ಮೇಲಿದೆ. ಇದು ನನ್ನ ಭ್ರಮೆಯೇ?

ಭ್ರಮೆಯಲ್ಲ, ನಿಮ್ಮ ಕಣ್ಣು ಸರಿಯಾಗಿಯೇ ಅಳೆದಿದೆ. ನೀವು ಭೂಮಿಯ ಮೇಲೆ ಎಷ್ಟು ಡಿಗ್ರಿ ಉತ್ತರಕ್ಕಿದ್ದೀರೋ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಎತ್ತರದಲ್ಲಿ ಧ್ರುವ ಕಾಣುತ್ತದೆ. ಕುಂದಾಪುರ 13.6 ಡಿಗ್ರಿ, ಹಿದ್ ಸುಮಾರು 26.2 ಡಿಗ್ರಿ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿಯಿರಿ. ಮುಷ್ಟಿಯ ಅಗಲ ಹತ್ತು ಡಿಗ್ರಿಯಷ್ಟಿರುತ್ತದೆ. ಊರಲ್ಲಿ ದಿಗಂತದಿಂದ ಒಂದೂವರೆ ಮುಷ್ಟಿಯೊಳಗೇ ಧ್ರುವ ಸಿಗುತ್ತಿದ್ದ, ಇಲ್ಲಿ ಎರಡೂವರೆ ಮುಷ್ಟಿ ದಾಟಬೇಕು. ಒಂದು ಡಿಗ್ರಿಗೆ 111 ಕಿಲೋಮೀಟರ್ ಲೆಕ್ಕ ಹಾಕಿದರೆ ನೀವು ಊರಿಗಿಂತ ಸುಮಾರು 1,400 ಕಿ.ಮೀ. ಉತ್ತರಕ್ಕೆ ಬಂದಿದ್ದೀರಿ. ಮೊಬೈಲ್ ಬೇಡ, ನಕ್ಷೆ ಬೇಡ, ಕೈಯೇ ಸಾಕು.

ಅಂದಹಾಗೆ, ಧ್ರುವ ಆಕಾಶದಲ್ಲೇ ಅತಿ ಪ್ರಕಾಶಮಾನ ನಕ್ಷತ್ರ ಎಂದು ನಂಬಿದವರು ಬಹಳ ಜನ. ಅಲ್ಲ, ಅವನದು ಸಾಧಾರಣ ಹೊಳಪು. ಸಪ್ತರ್ಷಿ ಮಂಡಲದ ಚೌಕದ ತುದಿಯ ಎರಡು ನಕ್ಷತ್ರಗಳನ್ನು ಸೇರಿಸಿ, ಅವುಗಳ ನಡುವಿನ ದೂರದ ಐದು ಪಟ್ಟು ಮುಂದಕ್ಕೆ ಗೆರೆ ಎಳೆದರೆ ಒಂಟಿಯಾಗಿ ಸಿಗುತ್ತಾನೆ.

ಉತ್ತರದಲ್ಲಿ ಮೇಲೇರಿದ್ದಕ್ಕೆ ದಕ್ಷಿಣದಲ್ಲಿ ತೆರಿಗೆ ಕಟ್ಟಲೇಬೇಕಲ್ಲ! ಮೇ ತಿಂಗಳ ರಾತ್ರಿ ಊರಿನ ಕಡಲ ದಂಡೆಯಲ್ಲಿ ದಕ್ಷಿಣಕ್ಕೆ ನೋಡಿದರೆ ತ್ರಿಶಂಕು ನಕ್ಷತ್ರಪುಂಜ ಶಿಲುಬೆಯಂತೆ ನೆಟ್ಟಗೆ ನಿಂತಿರುತ್ತದೆ. ಹಿದ್‌ನಲ್ಲಿ ಅದರ ಬುಡದ ನಕ್ಷತ್ರ ದಿಗಂತವನ್ನು ಸವರಿಕೊಂಡು ಹೋಗುತ್ತದೆ ಅಷ್ಟೆ. ನಿಮ್ಮ ದಕ್ಷಿಣಕ್ಕೆ ಬಂದರಿನ ದೀಪಗಳು, ಮೇಲಿಂದ ಧೂಳು. ಬುಡ ಕಾಣುವ ಆಸೆ ಬಿಡಿ. ತಲೆಯ ನಕ್ಷತ್ರ ಆರೇಳು ಡಿಗ್ರಿ ಮೇಲೇಳುತ್ತದೆ. ಸಖೀರ್ ಮರುಭೂಮಿಗೆ ಹೋದಾಗ ಅದನ್ನಾದರೂ ಹುಡುಕಿ.

ಪ್ರಶ್ನೆ: ಆಗಸ್ಟ್ ಕೊನೆಗೆ ಬಂತೆಂದರೆ ಇಲ್ಲಿನ ಸಹೋದ್ಯೋಗಿಗಳು "ಸುಹೈಲ್ ಬಂದ, ಇನ್ನು ಸೆಕೆ ಇಳಿಯುತ್ತೆ" ಅನ್ನುತ್ತಾರೆ. ಈ ಸುಹೈಲ್ ಯಾರು?

ನಿಮಗೆ ಪರಿಚಯದವನೇ, ನಮ್ಮ ಅಗಸ್ತ್ಯ. ಕೊಡಗಿನ ಕಥೆಯಲ್ಲಿ ಕಮಂಡಲದಲ್ಲಿ ಕಾವೇರಿಯನ್ನು ಇಟ್ಟುಕೊಂಡ, ವಿಂಧ್ಯ ದಾಟಿ ದಕ್ಷಿಣಕ್ಕೆ ಹೋದ ಋಷಿ. ಅವನ ಹೆಸರಿನ ನಕ್ಷತ್ರ ದಕ್ಷಿಣದಲ್ಲೇ ಇರುವುದು ಸರಿಯಾಗಿಯೇ ಇದೆ. ಇಡೀ ಆಕಾಶದಲ್ಲಿ ಹೊಳಪಿಗೆ ಲುಬ್ಧಕ ಮೊದಲು, ಅಗಸ್ತ್ಯ ಎರಡನೆಯವನು. ದೂರ ಸುಮಾರು 310 ಜ್ಯೋತಿರ್ವರ್ಷ.

ಬೇಸಿಗೆಯಲ್ಲಿ ಕೆಲವು ತಿಂಗಳು ಅವನು ಸೂರ್ಯನ ಬೆಳಕಿನಲ್ಲಿ ಮರೆಯಾಗಿರುತ್ತಾನೆ. ಆಗಸ್ಟ್ 24ರ ಆಸುಪಾಸು ಬೆಳಗಿನ ಜಾವ ಮರಳಿ ಮೂಡುತ್ತಾನೆ ಎಂಬುದು ಗಲ್ಫ್‌ನ ಹಳೆಯ ಲೆಕ್ಕ. ನಕ್ಷತ್ರವೇ ಸೆಕೆ ಇಳಿಸುವುದಿಲ್ಲ, ಅವನು ಕಾಣುವ ಹೊತ್ತಿಗೆ ಋತು ತಿರುಗಿರುತ್ತದೆ. ನಮ್ಮಲ್ಲೂ ಅಗಸ್ತ್ಯೋದಯವಾದರೆ ಮಳೆಗಾಲದ ಕೆಂಪು ನೀರು ತಿಳಿಯಾಗುತ್ತದೆ ಎಂಬ ನಂಬಿಕೆ ಇದೆ. ಒಬ್ಬರಿಗೆ ತಂಪು, ಇನ್ನೊಬ್ಬರಿಗೆ ತಿಳಿನೀರು, ಗಡಿಯಾರ ಮಾತ್ರ ಒಂದೇ. ಜಾವದಲ್ಲಿ ಏಳಲು ಆಗದವರು ಫೆಬ್ರವರಿ ಮೊದಲ ವಾರ ರಾತ್ರಿ ಒಂಬತ್ತಕ್ಕೆ ನೇರ ದಕ್ಷಿಣಕ್ಕೆ ನೋಡಿ. ದಿಗಂತದಿಂದ ಒಂದೇ ಮುಷ್ಟಿ ಮೇಲಿರುತ್ತಾನೆ.

ಪ್ರಶ್ನೆ: ನಾನು ಎಂಟನೇ ಕ್ಲಾಸು. ಜ್ಯೋತಿರ್ವರ್ಷ ಅಂದರೆ ಕಾಲ ಅಲ್ಲ, ದೂರ ಅಂತ ಗೊತ್ತು. ಆದರೆ ಅಷ್ಟು ದೂರ ಹೋಗಿ ಅಳೆದವರು ಯಾರು?

ಭಲೇ! ಈ ಪ್ರಶ್ನೆಯನ್ನು ದೊಡ್ಡವರು ಕೇಳುವುದೇ ಇಲ್ಲ, ಹೇಳಿದ್ದನ್ನು ನಂಬಿಬಿಡುತ್ತಾರೆ.

ಮೊದಲು ದೂರದ ಅಂದಾಜು ಸಿಗಲಿ. ಬಹ್ರೇನಿನಿಂದ ಮಂಗಳೂರು ಸುಮಾರು 2,900 ಕಿ.ಮೀ. ನೀನು ರಜೆಗೆ ಹೋಗುವ ವಿಮಾನ ಗಂಟೆಗೆ 900 ಕಿ.ಮೀ. ವೇಗದಲ್ಲಿ ಎಲ್ಲೂ ನಿಲ್ಲದೆ ಹಾರಿದರೆ ಚಂದ್ರನಿಗೆ 18 ದಿನ, ಸೂರ್ಯನಿಗೆ 19 ವರ್ಷ. ಸೂರ್ಯನ ನಂತರ ನಮಗೆ ಹತ್ತಿರವಿರುವ ನಕ್ಷತ್ರ ಕುಟುಂಬ ಆಲ್ಫಾ ಸೆಂಟಾರಿ. ಅಲ್ಲಿಗೆ 50 ಲಕ್ಷ ವರ್ಷಕ್ಕೂ ಹೆಚ್ಚು ಬೇಕು. ಬೆಳಕು ಅದೇ ದಾರಿಯನ್ನು ನಾಲ್ಕೂಕಾಲು ವರ್ಷಕ್ಕೆ ಚೂರು ಹೆಚ್ಚು ಹೊತ್ತಿನಲ್ಲಿ ಮುಗಿಸುತ್ತದೆ. ಬೆಳಕು ಒಂದು ವರ್ಷದಲ್ಲಿ ಓಡುವ ದೂರ 9.46 ಲಕ್ಷ ಕೋಟಿ ಕಿ.ಮೀ.

ಇನ್ನು ಅಳತೆ. ಹಿದ್‌ನ ದಂಡೆಗೆ ಹೋಗಿ ಹಡಗು ದುರಸ್ತಿ ಕಟ್ಟೆಯ ಕ್ರೇನಿನ ಎದುರು ಹೆಬ್ಬೆರಳು ಹಿಡಿ. ಬಲಗಣ್ಣು ಮುಚ್ಚು, ಆಮೇಲೆ ಎಡಗಣ್ಣು ಮುಚ್ಚು. ಬೆರಳು ಕ್ರೇನಿನ ಆಚೆಗೊಮ್ಮೆ ಈಚೆಗೊಮ್ಮೆ ಜಿಗಿಯಿತಲ್ಲ? ಬೆರಳು ಕಣ್ಣಿಗೆ ಹತ್ತಿರವಾದಷ್ಟೂ ಜಿಗಿತ ದೊಡ್ಡದು. ನಕ್ಷತ್ರಕ್ಕೆ ಎರಡು ಕಣ್ಣಿನ ಅಂತರ ಏನೇನೂ ಸಾಲದು, ಅದಕ್ಕೆ ಜನವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ ನೋಡುತ್ತಾರೆ. ಅಷ್ಟರಲ್ಲಿ ಭೂಮಿ ಸೂರ್ಯನ ಆಚೆ ಬದಿಗೆ, ಅಂದರೆ 30 ಕೋಟಿ ಕಿ.ಮೀ. ದೂರಕ್ಕೆ ಹೋಗಿರುತ್ತದೆ. ಹತ್ತಿರದ ನಕ್ಷತ್ರ ಹಿಂದಿನ ನಕ್ಷತ್ರಗಳ ಎದುರು ಚೂರೇ ಚೂರು ಜರುಗುತ್ತದೆ. 1838ರಲ್ಲಿ ಜರ್ಮನಿಯ ಬೆಸೆಲ್ ಹಂಸ ಮಂಡಲದ ಒಂದು ಮಂಕು ನಕ್ಷತ್ರದಲ್ಲಿ ಇದನ್ನು ಹಿಡಿದ. ಆ ಕೋನ ಎಷ್ಟು ಸಣ್ಣದೆಂದರೆ, ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು ಎಂಟೊಂಬತ್ತು ಕಿ.ಮೀ. ದೂರದಿಂದ ನೋಡಿದ ಹಾಗೆ. ಯುರೋಪಿನ ಗಾಯಾ ದೂರದರ್ಶಕ 2013ರಲ್ಲಿ ಬಾಹ್ಯಾಕಾಶಕ್ಕೆ ಹೋಗಿ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳನ್ನು ಇದೇ ಉಪಾಯದಿಂದ ಅಳೆಯಿತು. ಉಪಾಯ ಹೆಬ್ಬೆರಳಿನದೇ.

ಪ್ರಶ್ನೆ: ಮೇ ಕೊನೆಗೆ ಶಿಕಾರಿಪುರದಿಂದ ಅಪ್ಪ ಫೋನ್ ಮಾಡಿ "ರೋಹಿಣಿ ಮಳೆ ಶುರುವಾಯ್ತು" ಎಂದರು. ಹೊರಗೆ ಬಂದು ರೋಹಿಣಿ ನಕ್ಷತ್ರ ಹುಡುಕಿದೆ, ಸಿಗಲಿಲ್ಲ. ಬಹ್ರೇನ್ ದೀಪಗಳ ಕಾಟವೇ?

ಈ ಸಲ ದೀಪಗಳದು ತಪ್ಪಿಲ್ಲ. ಶಿಕಾರಿಪುರದ ಗದ್ದೆಯಲ್ಲಿ ನಿಂತ ಅಪ್ಪನಿಗೂ ಅದು ಕಂಡಿರುವುದಿಲ್ಲ. ಮಳೆ ನಕ್ಷತ್ರ ಎಂದರೆ ಆಗ ಸೂರ್ಯ ಯಾವ ನಕ್ಷತ್ರದ ಸೀಮೆಯಲ್ಲಿದ್ದಾನೆ ಎಂಬುದು. ರೋಹಿಣಿ ಮಳೆಯ ದಿನಗಳಲ್ಲಿ ರೋಹಿಣಿ ಹಗಲಲ್ಲಿ ಸೂರ್ಯನ ಜೊತೆಗೇ ಹುಟ್ಟಿ ಮುಳುಗುತ್ತದೆ. ಆರಿದ್ರೆಯದೂ ಇದೇ ಕಥೆ. ಡಿಸೆಂಬರಿನಲ್ಲಿ ಸಂಜೆ ಪೂರ್ವಕ್ಕೆ, ಸಮುದ್ರದ ಕಡೆ ನೋಡಿ. ಕೃತ್ತಿಕೆಯ ಗೊಂಚಲು, ಅದರ ಬೆನ್ನಿಗೆ ಕೇಸರಿ ಬಣ್ಣದ ರೋಹಿಣಿ. ಅರಬರು ಇದನ್ನು ಅದ್-ದಬರಾನ್, ಹಿಂಬಾಲಿಸುವವನು ಎನ್ನುತ್ತಾರೆ. ಯಾರನ್ನು? ಕೃತ್ತಿಕೆಯನ್ನೇ. ಈಗ ಕಾಣುವ ರೋಹಿಣಿಯ ಬೆಳಕು ಅಲ್ಲಿಂದ ಹೊರಟು ಸುಮಾರು 65 ವರ್ಷ. ಆಗ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರು.

ಪ್ರಶ್ನೆ: 2019ರ ಡಿಸೆಂಬರ್ 26ರ ಸೂರ್ಯಗ್ರಹಣ ಇಲ್ಲೂ ಕಂಡಿತು, ಕಾಸರಗೋಡಿನ ನಮ್ಮ ಮನೆಯವರಿಗೂ ಕಂಡಿತು. ಒಂದೇ ಗ್ರಹಣವೇ?

ಒಂದೇ. ಸೌದಿಯ ಹೊಫೂಫ್ ಕಡೆ ಸೂರ್ಯ ಹುಟ್ಟುತ್ತಲೇ ಬಳೆಯಾಗಿದ್ದ. ನಿಮಗೆ ಇಲ್ಲಿ ಬಳೆ ಪೂರ್ತಿಯಾಗಲಿಲ್ಲ, ಸ್ವಲ್ಪದರಲ್ಲಿ ತಪ್ಪಿತು. ಅದೇ ನೆರಳು ಅರಬ್ಬಿ ಸಮುದ್ರ ದಾಟಿ ಕಾಸರಗೋಡಿನ ಚೆರುವತ್ತೂರಿಗೆ, ಕೊಡಗಿನ ಕುಟ್ಟಕ್ಕೆ ಹೋಯಿತು. ನಿಮ್ಮ ಗಡಿಯಾರದಲ್ಲಿ ಆರೂವರೆ ದಾಟಿತ್ತು, ಅವರದರಲ್ಲಿ ಒಂಬತ್ತೂ ಇಪ್ಪತ್ತೈದರ ಹೊತ್ತು. ಎರಡೂವರೆ ಗಂಟೆಯ ವ್ಯತ್ಯಾಸ ಕಳೆದು ನೋಡಿ. ವಿಮಾನ ನಾಲ್ಕು ಗಂಟೆ ತೆಗೆದುಕೊಳ್ಳುವ ದಾರಿಯನ್ನು ನೆರಳು ಸುಮಾರು 20 ನಿಮಿಷದಲ್ಲಿ ಮುಗಿಸಿತ್ತು.

ಇನ್ನು ಎರಡೂ ಕಡೆ ಕಾಣುವ ಮುಂದಿನ ಸೂರ್ಯಗ್ರಹಣ 2027ರ ಆಗಸ್ಟ್ 2. ಪೂರ್ಣಗ್ರಹಣ ಬೇಕೆಂದರೆ ಜೆದ್ದಾಕ್ಕೆ ಹೋಗಬೇಕು. ಹಿದ್‌ನಲ್ಲಿ ಮಧ್ಯಾಹ್ನ, ಕಾಸರಗೋಡಿನಲ್ಲಿ ಸಂಜೆಯ ಕಡೆಗೆ ಪಾರ್ಶ್ವಗ್ರಹಣ. ಎಕ್ಸ್‌ರೇ ಹಾಳೆ, ಕೂಲಿಂಗ್ ಗ್ಲಾಸ್ ಯಾವುದೂ ಬೇಡ, ಗ್ರಹಣದ ಕನ್ನಡಕವನ್ನೇ ತರಿಸಿಟ್ಟುಕೊಳ್ಳಿ. ಊರಿನವರಿಗೂ ಒಂದೆರಡು ಕಳಿಸಿ.