ಹಗೇವಿಗೆ ಇಳಿಯುವ ಮುನ್ನ ನೋಡುವ ಗಾಳಿ

ನೆಲದಡಿ ಜೋಳ ತುಂಬಿಡುವ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಾರೆ. ದೀಪ ಆರದಿದ್ದರೆ ಆಮೇಲೆ ಮನುಷ್ಯ. ಒಳಗಿನ ಜೋಳವೂ ಉಸಿರಾಡಿ ಗಾಳಿ ಕೆಡಿಸುತ್ತದೆ ಎಂಬುದು ನಮ್ಮ ಕಟಕೋಳದ ಸುತ್ತಿನ ಹಿರಿಯರಿಗೆ ಗೊತ್ತು. ಅದೇ ಹಿರಿಯರು ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ, ‘ಥಂಡಿ ಗಾಳಿ ಬಡದೀತು, ಕಿಡಕಿ ಹಾಕ್ರಿ’ ಅನ್ನುತ್ತಾರೆ. ಮುಚ್ಚಿದ ಆ ಕೋಣೆಯಲ್ಲೇ ಐದಾರು ಮಂದಿ ಮಲಗುತ್ತಾರೆ.

ಗಾಳಿಯಲ್ಲಿ ರೋಗ ಹರಡಲು ಜ್ವರದವರು ಕೆಮ್ಮಲೇಬೇಕೆಂದಿಲ್ಲ. ಮಾತಾಡಿದರೆ, ಭಜನೆ ಹಾಡಿದರೆ ಸಾಕು, ಕಣ್ಣಿಗೆ ಕಾಣದ ತುಂತುರು ಬೀಡಿ ಹೊಗೆಯಂತೆ ಕೋಣೆಯಲ್ಲಿ ತೇಲುತ್ತದೆ. ದಪ್ಪ ಹನಿಗಳು 2 ಮೀಟರ್ ಒಳಗೇ ನೆಲಕ್ಕೆ ಬೀಳುತ್ತವೆ, ಸಣ್ಣವು 10 ಮೀಟರ್‌ವರೆಗೂ ಹೋಗಬಲ್ಲವು ಎಂದು ಕೇಂದ್ರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ 2021ರ ಮೇ ತಿಂಗಳಲ್ಲೇ ಹೇಳಿತ್ತು. ದಡಾರದ (ನಮ್ಮ ಕಡೆಯ ಗೊಬ್ಬರ) ವೈರಸ್ಸಂತೂ ರೋಗಿ ಎದ್ದುಹೋದ ಮೇಲೂ ಎರಡು ತಾಸು ಗಾಳಿಯಲ್ಲಿ ಉಳಿಯಬಲ್ಲದು.

ಮೊದಲು ಊದಿನಕಡ್ಡಿ ಪರೀಕ್ಷೆ ಮಾಡಿ. ಫ್ಯಾನ್ ಆರಿಸಿ, ಕೋಣೆಯ ನಡುವೆ ಕಡ್ಡಿ ಹಚ್ಚಿ ಹಿಡಿಯಿರಿ. ಹೊಗೆ ನೆಟ್ಟಗೆ ಏರಿ ಜಂತಿಯ ಕೆಳಗೆ ನಿಂತರೆ ಗಾಳಿ ಆಡುತ್ತಿಲ್ಲ. ಓರೆಯಾಗಿ ಹೊರಟರೆ ಎತ್ತ ಹೋಗುತ್ತದೆ ನೋಡಿಕೊಳ್ಳಿ. ಅದು ಹೊರಬೀಳುವ ಕಿಟಕಿಯ ಹತ್ತಿರ ರೋಗಿಯ ಹಾಸಿಗೆ, ಗಾಳಿ ಬರುವ ಕಡೆ ಉಳಿದವರು.

ಒಂದೇ ಕಿಟಕಿ ಸಾಲದು. ಗಾಳಿ ಬರಲಿಕ್ಕೊಂದು, ಹೋಗಲಿಕ್ಕೊಂದು ದಾರಿ ಬೇಕು. ತಲೆಬಾಗಿಲಿನ ಜತೆ ಹಿತ್ತಲ ಬಾಗಿಲನ್ನೂ ತೆರೆಯಿರಿ. ಹಳೆಯ ಮಾಳಿಗೆ ಮನೆಗಳಲ್ಲಿ ಬಿಸಿಗಾಳಿ ಮೇಲೇರಿ ಬೆಳಕಿಂಡಿಯಿಂದ ತಾನಾಗಿ ಹೋಗುತ್ತಿತ್ತು. ಮಳೆಗೆಂದು ಅದರ ಮೇಲೆ ಹೇರಿದ ತಗಡು ಬೇಸಿಗೆಯಲ್ಲೂ ಅಲ್ಲೇ ಇರುತ್ತದೆ. ಆರ್‌ಸಿಸಿ ಮನೆಯವರು ವೆಂಟಿಲೇಟರ್‌ಗೆ ಪೇಪರ್ ಅಂಟಿಸಿರುತ್ತೇವೆ. ಇವತ್ತೇ ಕಿತ್ತುಹಾಕಿ. ಸೊಳ್ಳೆಗೆ ಜಾಳಿಗೆ ಇರಲಿ, ವಾರಕ್ಕೊಮ್ಮೆ ಧೂಳು ಹೊಡೆಯಿರಿ.

ಇನ್ನು ಫ್ಯಾನ್. ಎಲ್ಲ ಮುಚ್ಚಿ ಫ್ಯಾನ್ ಹಾಕುವುದೆಂದರೆ ಸಾರಿನಲ್ಲಿ ಸೌಟು ಆಡಿಸಿದ ಹಾಗೆ. ಕಲಸುತ್ತದೆ, ಹೊರಗೆ ಹಾಕುವುದಿಲ್ಲ. ಟೇಬಲ್ ಫ್ಯಾನಿನ ಮುಖ ರೋಗಿಯ ಕೋಣೆಯ ಕಿಟಕಿಯತ್ತ ತಿರುಗಿಸಿ, ಒಳಗಿನ ಗಾಳಿಯನ್ನು ಹೊರಕ್ಕೆ ನೂಕಲಿ. ಕಿಟಕಿಗೆ ಹೊರಗಿನಿಂದ ಕೂರಿಸಿದ ಕೂಲರ್ ಹೊಸ ಗಾಳಿ ತರುತ್ತದೆ, ಆದರೆ ಎದುರಿನ ಕಿಟಕಿ ತೆರೆದಿರಬೇಕು. ಮಾಮೂಲಿ ಎಸಿ ಒಳಗಿನದನ್ನೇ ತಿರುತಿರುಗಿ ತಣ್ಣಗೆ ಮಾಡುತ್ತದೆ.

ಎಷ್ಟು ಹೊತ್ತು? ತಾಸಿಗೆ ಆರು ಸಲ ಗಾಳಿ ಬದಲಾಗುವ ಕೋಣೆಯಲ್ಲಿ ತೇಲುವ ಕಣಗಳ ಶೇ 99ರಷ್ಟು ಹೋಗಲು ಸುಮಾರು 46 ನಿಮಿಷ ಬೇಕು. ಹನ್ನೆರಡು ಸಲವಾದರೆ 23. ರೋಗಿ ಬಿಟ್ಟ ಕೋಣೆಯನ್ನು ಒಂದು ತಾಸಾದರೂ ಬಯಲು ಗಾಳಿಗೆ ಬಿಡಿ.

ಚಳಿಯಲ್ಲಿ ಹಿರಿಯರ ಮಾತನ್ನೂ ಅರ್ಧ ಕೇಳಿ: ಮೈಮೇಲೆ ಎರಡು ಕೌದಿ, ಕಿಟಕಿ ನಾಲ್ಕು ಬೆರಳು. ರಾಮದುರ್ಗದ ಬಸ್ಸಿನಲ್ಲಿ ಧೂಳೆಂದು ಪಕ್ಕದವರು ಗಾಜು ಎಳೆದರೆ ಜಗಳ ಬೇಡ, ಮಾಸ್ಕ್ ಹಾಕಿಕೊಳ್ಳಿ.